ಮೋಟಾರ್ ಸೈಕಲ್ಲಿನ ಶೀತಲವ್ಯವಸ್ಥೆಯಲ್ಲಿ ವಿದ್ಯುದ್ದೋಷ: ಸಾಕ್ಷ್ಯಪರೀಕ್ಷೆಯ ಒಂದು ಪ್ರಸಂಗ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಅವುಗಳ ನಿರ್ಮಾಣಕ್ಕೆ ಕೊಡುವಷ್ಟು ಗಮನವನ್ನು ಅವು ಕೆಡುವ ಬಗೆಗಾಗಲಿ, ಕೆಟ್ಟದ್ದನ್ನು ಹುಡುಕಿ ಸರಿಪಡಿಸುವವರ ವಿಚಾರಕ್ರಮಕ್ಕಾಗಲಿ ಸಾಮಾನ್ಯವಾಗಿ ಕೊಡುವುದಿಲ್ಲ. ಕಾರ್ಖಾನೆಯ ಕಾಗದಪತ್ರಗಳು ಉಳಿಯುತ್ತವೆ. ರಿಪೇರಿ ಅಂಗಡಿಯಲ್ಲಿ ನಡೆದ ಆಲೋಚನೆ ಉಳಿಯುವುದು ಅಪರೂಪ. ಆದಕಾರಣ ಅಂಥ ಒಂದು ವಿಚಾರಕ್ರಮವನ್ನು, ಚಿಕ್ಕದೊಂದು ದೋಷವನ್ನೇ ಆಧಾರವಾಗಿಟ್ಟುಕೊಂಡು, ಇಲ್ಲಿ ವಿವರಿಸಲು ಯತ್ನಿಸಿದ್ದೇವೆ. ನಾವು ಎತ್ತಿಕೊಂಡಿರುವುದು ಜಲಶೀತಲ ಮೋಟಾರ್ ಸೈಕಲ್ಲಿನ ರೇಡಿಯೇಟರ್ ಫ್ಯಾನು ತಿರುಗದೆ ನಿಲ್ಲುವ ಪ್ರಸಂಗ. ಇದು ಅಪೂರ್ವವಾದ ದೋಷವೇನಲ್ಲ. ಇದರ ವಿಚಾರಣೆಯಲ್ಲಿ ನಿರಪರಾಧಿಗಳಾದ ಬಿಡಿಭಾಗಗಳು ಶಿಕ್ಷೆಗೊಳಗಾಗುವುದೂ ಅಪೂರ್ವವಲ್ಲ.

ಈ ದೋಷಕ್ಕೆ ದೀರ್ಘವಾದ ಪೂರ್ವೇತಿಹಾಸವಿಲ್ಲ. ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಮೋಟಾರ್ ಸೈಕಲ್ಲುಗಳ ಎಂಜಿನ್ನುಗಳು ಹೆಚ್ಚಾಗಿ ಗಾಳಿಯಿಂದಲೇ ತಣಿಯುತ್ತಿದ್ದುವು. 1960ರ ದಶಕದ ಆರಂಭದಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ವಾಹನಗಳೂ ಈ ಜಾತಿಯವೇ; ಸಿಲಿಂಡರಿನ ಸುತ್ತಲಿನ ಲೋಹದ ರೆಕ್ಕೆಗಳೇ ಅವುಗಳ ಶೀತಲವ್ಯವಸ್ಥೆ. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಆಲ್ಫ್ರೆಡ್ ಆಂಗಸ್ ಸ್ಕಾಟ್ 1908ರಲ್ಲಿ ತಯಾರಿಸತೊಡಗಿದ ವಾಹನಗಳಲ್ಲಿ ನೀರಿತ್ತು, ಪಂಪಿರಲಿಲ್ಲ. ಕಾದ ನೀರು ಹಗುರಾಗಿ ಮೇಲೇರಿ, ರೇಡಿಯೇಟರಿನಲ್ಲಿ ತಣಿದು ತಾನಾಗಿ ಕೆಳಗಿಳಿಯುತ್ತಿತ್ತು. ವಿದ್ಯುತ್ತಿನ ಗೊಡವೆಯಿಲ್ಲದ ಆ ಏರ್ಪಾಟಿನಲ್ಲಿ ವಿದ್ಯುದ್ದೋಷಕ್ಕೆ ಎಡೆಯೆಲ್ಲಿ? ಹೋಂಡಾ ಸಂಸ್ಥೆ 1974ರಲ್ಲಿ ಜಲಶೀತಲವಾದ ಗೋಲ್ಡ್ ವಿಂಗನ್ನು ಹೊರತಂದಿತು. ಆಮೇಲಿನ ದಶಕಗಳಲ್ಲಿ ಪಂಪು, ಥರ್ಮೋಸ್ಟಾಟು, ವಿದ್ಯುತ್ ಫ್ಯಾನುಗಳು ಕ್ರಮವಾಗಿ ರೂಢಿಗೆ ಬಂದುವು. 2018ರಲ್ಲಿ ಜಾವಾ ಎಂಬ ಹೆಸರು ಭಾರತದಲ್ಲಿ ಮತ್ತೆ ಕಾಣಿಸಿಕೊಂಡಾಗ ಎಂಜಿನ್ನಿನ ಮುಂದೆ ರೇಡಿಯೇಟರು ಕುಳಿತಿತ್ತು.

ವಾಹನ ಓಡುತ್ತಿರುವಾಗ ಎದುರುಗಾಳಿಯೇ ರೇಡಿಯೇಟರನ್ನು ತಣಿಸುವುದರಿಂದ ಫ್ಯಾನಿನ ಅಗತ್ಯ ಹೆಚ್ಚಾಗಿ ಬೀಳುವುದಿಲ್ಲ. ವಾಹನ ನಿಂತಾಗ ದ್ರವದ ಉಷ್ಣತೆ ಏರುತ್ತದೆ; ಅದು ಸುಮಾರು 100 ಡಿಗ್ರಿ ಸೆಲ್ಸಿಯಸನ್ನು ಸಮೀಪಿಸಿದಾಗ ರೇಡಿಯೇಟರಿನಲ್ಲಿರುವ ಉಷ್ಣಸ್ವಿಚ್ಚು ಕೂಡಿಕೊಂಡು ಫ್ಯಾನನ್ನು ಚಾಲೂ ಮಾಡುತ್ತದೆ. ಆದ್ದರಿಂದ ಹೆದ್ದಾರಿಯಲ್ಲಿ ತಂಪಾಗಿದ್ದು ಪೇಟೆಯ ದಟ್ಟಣೆಯಲ್ಲಿ ಮಾತ್ರ ಕಾಯುವ ಎಂಜಿನ್ನು ಫ್ಯಾನಿನ ಕಡೆಗೆ ಬೆರಳು ತೋರಿಸುತ್ತದೆ. ಎರಡೂ ಕಡೆ ಕಾಯುವುದಾದರೆ ಪಂಪು, ಥರ್ಮೋಸ್ಟಾಟು ಅಥವಾ ದ್ರವದ ಕೊರತೆಯನ್ನು ಶಂಕಿಸಬೇಕು. ಈ ಮೊದಲ ವಿವೇಚನೆಗೆ ಉಪಕರಣ ಬೇಡ. ಸವಾರನನ್ನು ಸರಿಯಾಗಿ ವಿಚಾರಿಸಿದರೆ ಸಾಕು. ಉಪೇಕ್ಷೆಯ ಫಲ ಮಾತ್ರ ಲಘುವಾದುದಲ್ಲ: ಅತಿಯಾಗಿ ಕಾದ ಎಂಜಿನ್ನಿನಲ್ಲಿ ಸಿಲಿಂಡರ್ ಹೆಡ್ಡು ಸೊಟ್ಟಗಾಗಬಹುದು, ಪಿಸ್ಟನ್ನು ಕಚ್ಚಿಕೊಳ್ಳಬಹುದು.

ವಿದ್ಯುತ್ತಿನ ವಿಚಾರಕ್ಕೆ ಕೈಹಾಕುವ ಮೊದಲು ದ್ರವದ ಮಟ್ಟವನ್ನು ನೋಡಬೇಕು. ದ್ರವ ಕಡಮೆಯಾಗಿ ಸ್ವಿಚ್ಚಿನ ಸುತ್ತ ಗಾಳಿ ನಿಂತರೆ, ಎಂಜಿನ್ನು ಕುದಿಯುತ್ತಿದ್ದರೂ ಸ್ವಿಚ್ಚಿಗೆ ಅದರ ಸುದ್ದಿ ತಲಪದು. ಎಂಜಿನ್ನು ತಣಿಯುವವರೆಗೆ ರೇಡಿಯೇಟರಿನ ಮುಚ್ಚಳವನ್ನು ಮುಟ್ಟಲೇಬಾರದು. ಒಳಗೆ ಒತ್ತಡದಲ್ಲಿರುವ ದ್ರವ ಚಿಮ್ಮಿ ಮುಖ ಸುಟ್ಟೀತು.

ಅನಂತರದ ಕ್ರಮ ನೇರವಾದುದು. ಫ್ಯಾನಿನ ಅಲಗು ಕೆಸರಿನಿಂದ ಬಿಗಿದಿದೆಯೇ ಎಂದು ಕೈಯಿಂದ ತಿರುಗಿಸಿ ನೋಡುವುದು. ಅದರ ತಂತಿಗಳನ್ನು ಬಿಡಿಸಿ ಬ್ಯಾಟರಿಗೆ ನೇರವಾಗಿ ಜೋಡಿಸುವುದು. ತಿರುಗಿದರೆ ಫ್ಯಾನು ನಿರ್ದೋಷಿ. ಫ್ಯೂಸು ಸುಟ್ಟಿದ್ದರೆ ಹೊಸದನ್ನು ಹಾಕಿದ ಮಾತ್ರಕ್ಕೆ ವಿಚಾರಣೆ ಮುಗಿಯುವುದಿಲ್ಲ, ಸುಟ್ಟದ್ದೇಕೆಂಬುದು ತಿಳಿಯಬೇಕು. ದಪ್ಪ ಫ್ಯೂಸನ್ನು ತುರುಕುವುದಂತೂ ತಂತಿಯನ್ನೇ ಫ್ಯೂಸಾಗಿ ಮಾಡಿದಂತೆ. ಬಳಿಕ ಸ್ವಿಚ್ಚಿಗೆ ಬರುವ ಎರಡು ತಂತಿಗಳನ್ನು ಒಂದಕ್ಕೊಂದು ಕೂಡಿಸಬೇಕು. ಒಂದೇ ತಂತಿಯಿದ್ದರೆ ಅದನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಬೇಕು. ಆಗ ಫ್ಯಾನು ತಿರುಗಿದರೆ ಸಂಶಯ ಸ್ವಿಚ್ಚಿನ ಮೇಲೆ ಬೀಳುತ್ತದೆ.

ಸಂಶಯವೆಂದೆವು, ನಿರ್ಣಯವೆನ್ನಲಿಲ್ಲ. ಸ್ವಿಚ್ಚನ್ನು ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು, ಉಷ್ಣಮಾಪಕವಿಟ್ಟು ಕಾಯಿಸಿ ಪರೀಕ್ಷಿಸುವ ಪದ್ಧತಿಯುಂಟು. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಅದರ ಮೇಲೆ ಏರುವುದಿಲ್ಲ. 99 ಡಿಗ್ರಿಗೆ ಕೂಡಬೇಕಾದ ಸ್ವಿಚ್ಚು ಈ ನೀರಿನಲ್ಲಿ ಎಷ್ಟು ಹೊತ್ತು ಕುದಿದರೂ ಕೂಡದು, ಕೂಡಬೇಕಾದುದೂ ಇಲ್ಲ. ಮಂಗಳೂರಿನಲ್ಲಿ ಉತ್ತೀರ್ಣವಾಗುವ ಸ್ವಿಚ್ಚು ಬೆಂಗಳೂರಿನಲ್ಲಿ ಅನುತ್ತೀರ್ಣವಾಗುವುದು ವಿಚಿತ್ರವಾದರೂ ನಿಜ. ನೀರಿಗೆ ಬದಲಾಗಿ ವಾಹನಕ್ಕೆ ಹಾಕುವ ಕೂಲಂಟ್ ಮಿಶ್ರಣವನ್ನೇ ಬಳಸಿದರೆ ಈ ಅನ್ಯಾಯ ತಪ್ಪುತ್ತದೆ.

ಇದಕ್ಕಿಂತ ಮೋಸಗೊಳಿಸುವ ಸಾಕ್ಷಿ ಇನ್ನೊಂದಿದೆ. ಸ್ವಿಚ್ಚಿನ ತಂತಿಗಳನ್ನು ಕೂಡಿಸಿದರೂ ಫ್ಯಾನು ತಿರುಗಲಿಲ್ಲವೆನ್ನೋಣ. ಅದರ ಕೊಂಡಿಯನ್ನು ಕಳಚಿ ಮಲ್ಟಿಮೀಟರ್ ಹಿಡಿದರೆ 12 ವೋಲ್ಟು ಕಾಣುತ್ತದೆ. ‘ವಿದ್ಯುತ್ತು ಬರುತ್ತಿದೆ, ಫ್ಯಾನು ಸತ್ತಿದೆ’ ಎಂದು ತೀರ್ಮಾನಿಸಿ ಹೊಸ ಫ್ಯಾನು ಕೊಂಡವರು ಎಷ್ಟೋ ಮಂದಿ. ಹೊಸದೂ ತಿರುಗುವುದಿಲ್ಲ! ಇಲ್ಲಿ ಮೀಟರು ಸುಳ್ಳಾಡಲಿಲ್ಲ. ನಾವು ಕೇಳದ ಪ್ರಶ್ನೆಗೆ ಉತ್ತರ ಕೊಟ್ಟಿತು, ಅಷ್ಟೆ. ಗಿಯೋರ್ಗ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಂತೆ, ರೋಧವೊಂದರಲ್ಲಿ ಕಳೆದುಹೋಗುವ ವೋಲ್ಟುಗಳು ಅದರಲ್ಲಿ ಹರಿಯುವ ಪ್ರವಾಹವನ್ನು ಅವಲಂಬಿಸಿವೆ. ಮಾರ್ಗದಲ್ಲಿ ತುಕ್ಕು ಹಿಡಿದ ಕೂಡುಗಟ್ಟೊಂದು 4 ಓಮ್ ರೋಧವನ್ನು ಒಡ್ಡಿದೆಯೆಂದು ಭಾವಿಸೋಣ. ಇಂದಿನ ಮಲ್ಟಿಮೀಟರಿನ ಒಳರೋಧ ಸಾಮಾನ್ಯವಾಗಿ 1 ಕೋಟಿ ಓಮ್. ಅದು ಸೆಳೆಯುವ ಪ್ರವಾಹ ಇಲ್ಲವೆಂಬಷ್ಟು ಅಲ್ಪ. ಆದ್ದರಿಂದ ತುಕ್ಕಿನಲ್ಲಿ ಏನೂ ಕಳೆಯದೆ 12 ವೋಲ್ಟೂ ಅದಕ್ಕೆ ತಲಪುತ್ತದೆ. 3 ಆಂಪಿಯರ್ ಬೇಡುವ ಫ್ಯಾನಿನ ರೋಧವೂ ಸುಮಾರು 4 ಓಮ್ ಎಂದು ಹಿಡಿದರೆ, ಅದನ್ನು ಜೋಡಿಸಿದಾಗ ಅರ್ಧ ವೋಲ್ಟುಗಳನ್ನು ತುಕ್ಕೇ ನುಂಗಿ, ಫ್ಯಾನಿಗೆ 6 ಮಾತ್ರ ಉಳಿಯುತ್ತದೆ.

ಹಳೆಯ ಮೆಕ್ಯಾನಿಕ್ಕುಗಳು ಮೀಟರಿನ ಬದಲು ಬಲ್ಬೊಂದಕ್ಕೆ ಎರಡು ತಂತಿ ಕಟ್ಟಿಕೊಂಡು ಪರೀಕ್ಷಿಸುವುದನ್ನು ಕೆಲವರು ಅಶಾಸ್ತ್ರೀಯವೆಂದು ನಗುವುದುಂಟು. ನಮಗೆ ಹಾಗೆ ತೋರುವುದಿಲ್ಲ. ಇಂಡಿಕೇಟರಿನಲ್ಲಿ ಬಳಸುವ 21 ವಾಟಿನ ಬಲ್ಬು ಒಂದೂಮುಕ್ಕಾಲು ಆಂಪಿಯರ್ ಬೇಡುತ್ತದೆ. ಮೇಲೆ ಹೇಳಿದ ತಂತಿಯಲ್ಲಿ ಅದು ಮಂಕಾಗಿ ಉರಿದು ದೋಷವನ್ನು ಒಡನೆಯೇ ಹೊರಗೆಡಹುತ್ತದೆ. ಮೀಟರನ್ನೇ ಬಳಸುವುದಾದರೆ ಫ್ಯಾನನ್ನು ಜೋಡಿಸಿಟ್ಟು, ಬ್ಯಾಟರಿಯ ಋಣತುದಿಗೂ ಫ್ಯಾನಿನ ಋಣತಂತಿಗೂ ನಡುವೆ ಅಳೆಯಬೇಕು. ಅನಂತರ ಧನಪಕ್ಷದಲ್ಲಿಯೂ ಹಾಗೆಯೇ. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡ ಪಕ್ಷದಲ್ಲಿ ಅಪರಾಧಿ ಅಡಗಿದೆ. ಮೀಟರಿನ ಮೊನೆಗಳನ್ನು ಒಂದೊಂದೇ ಕೂಡುಗಟ್ಟಿನತ್ತ ಸರಿಸುತ್ತ ಬಂದರೆ ಅದು ಸಿಕ್ಕಿಯೇ ಸಿಗುತ್ತದೆ. ಆದರೆ ಕಂಪ್ಯೂಟರ್ ಘಟಕವೇ ಫ್ಯಾನನ್ನು ಆಳುವ ಇತ್ತೀಚಿನ ವಾಹನಗಳಲ್ಲಿ ಆ ಘಟಕದ ಸೂಕ್ಷ್ಮ ತಂತಿಗಳಿಗೆ ಬಲ್ಬನ್ನು ತಾಗಿಸಬಾರದು. ಘಟಕವೇ ಕೆಡುವ ಸಂಭವವುಂಟು.

ಕೊನೆಗೆ ಸಿಗುವುದು ಹೆಚ್ಚಾಗಿ ಚಾಸಿಗೆ ಬಿಗಿದ ಭೂತಂತಿಯ ಕೆಳಗಿನ ತುಕ್ಕು, ಇಲ್ಲವೆ ಕೊಂಡಿಯೊಳಗಿನ ಹಸಿರು ಕಿಲುಬು. ತಾಮ್ರಶಾಸನದ ಮೇಲೆ ಕಿಲುಬನ್ನು ಕಂಡರೆ ಇತಿಹಾಸಕಾರನ ಕಣ್ಣು ಅರಳುತ್ತದೆ. ಇಲ್ಲಿ ಅದನ್ನು ನಿರ್ದಯವಾಗಿ ಉಜ್ಜಿ ತೆಗೆಯಬೇಕು. ಲೋಹ ಹೊಳೆಯುವಂತೆ ತಿಕ್ಕಿ, ಬಿಗಿದು, ನೀರು ಸೇರದಂತೆ ತುಸು ಗ್ರೀಸು ಸವರಬೇಕು. ಆಮೇಲೆ ವಾಹನವನ್ನು ನಿಲ್ಲಿಸಿ, ಎಂಜಿನ್ನನ್ನು ಓಡಲು ಬಿಟ್ಟು, ಫ್ಯಾನು ತಾನಾಗಿ ಚಾಲೂ ಆಗಿ, ದ್ರವ ತಣಿದ ಮೇಲೆ ತಾನಾಗಿ ನಿಲ್ಲುವವರೆಗೆ ಕಾಯಬೇಕು. ಒಂದು ಸಲವಲ್ಲ, ಎರಡು ಸಲ.