ಬಳಸಿದ ಸಾಮಾನು: ಕೇಳಿದವರಿಗೆ ಕೊಡುವ ಕ್ರಮ

ಕೃಷಿ ಮೇಳಕ್ಕೆಂದು ಹೆಬ್ಬಾಳದ ಜಿ.ಕೆ.ವಿ.ಕೆ.ಗೆ ಹೋಗಿಬರುವ ನಮ್ಮ ಬೆಳೆಗಾರ ಬಂಧುಗಳಿಗೆ ಬೆಂಗಳೂರಿನ ಉತ್ತರ ದಿಕ್ಕು ಹೊಸತೇನಲ್ಲ. ಯಲಹಂಕ, ಆರ್.ಟಿ. ನಗರ, ಯಶವಂತಪುರಗಳಲ್ಲಿ ನಮ್ಮ ಕಡೆಯ ಎಷ್ಟೋ ಮನೆಗಳ ಮಕ್ಕಳು ಬಾಡಿಗೆ ಮನೆ ಹಿಡಿದು ನೆಲೆಸಿದ್ದಾರೆ. ಮನೆ ಬದಲಿಸುವಾಗ ಅವರಿಗೆಲ್ಲ ಒಂದೇ ಪೇಚು. ಮಂಚ, ಮೇಜು, ಮಗುವಿನ ತೊಟ್ಟಿಲು ಇನ್ನೂ ಗಟ್ಟಿಯಾಗಿವೆ. ಹೊಸ ಮನೆಯಲ್ಲಿ ಜಾಗವಿಲ್ಲ. ಗುಜರಿಯವರು ಮರದ ಸಾಮಾನಿಗೆ ಕೊಡುವುದು ಅಷ್ಟಕ್ಕಷ್ಟೆ. ಊರಿಗೆ ಸಾಗಿಸೋಣವೆಂದರೆ ಲಾರಿ ಬಾಡಿಗೆಯ ದುಡ್ಡಿನಲ್ಲಿ ಹೊಸ ಮಂಚವೇ ಬಂದೀತು!

ಆದ್ದರಿಂದ ಅಲ್ಲಿನ ಬಡಾವಣೆಗಳಲ್ಲಿ ಒಂದು ಪದ್ಧತಿ ನಡೆದುಬಂದಿದೆ. ಬೇಡವಾದ ಸಾಮಾನಿನ ಸುದ್ದಿಯನ್ನು ಹತ್ತಿರದವರಿಗೆ ತಿಳಿಸುವುದು. ಬೇಕೆಂದು ಕೇಳಿದವರಿಗೆ ಪುಕ್ಕಟೆಯಾಗಿ ಕೊಡುವುದು. ಸಾಗಿಸುವ ಹೊಣೆ ಮಾತ್ರ ಪಡೆಯುವವರದು. 2003ರಲ್ಲಿ ಅಮೆರಿಕದ ಟೂಸಾನ್ ನಗರದಲ್ಲಿ ಡೆರಾನ್ ಬೀಲ್ ಎಂಬುವರು ಇದಕ್ಕೆ 'ಫ್ರೀಸೈಕಲ್' ಎಂದು ಹೆಸರಿಟ್ಟು ಒಂದು ವ್ಯವಸ್ಥೆಯನ್ನೇ ಕಟ್ಟಿದರು. ಹಣ ಕೇಳಬಾರದು, ಕೊಡುವುದು ಪಡೆಯುವುದು ಆಯಾ ಊರಿನೊಳಗೇ ಆಗಬೇಕು ಎಂಬುದು ಅದರ ಮುಖ್ಯ ಕಟ್ಟಳೆ. ನಮ್ಮಲ್ಲಿ 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರದ ಸೂಚನೆಯಂತೆ ನಗರಗಳು ಹಳೆ ಬಟ್ಟೆ, ಪುಸ್ತಕ, ಆಟಿಕೆ ಪಡೆಯುವ ಕೇಂದ್ರಗಳನ್ನು ತೆರೆದವು. ಬೆಂಗಳೂರಿನ ಆಗಿನ ಮಹಾನಗರ ಪಾಲಿಕೆಯೂ ತೆರೆಯಿತು.

ಈ ಪದ್ಧತಿಯಲ್ಲಿ ನಮಗೆ ಹಿಡಿಸಿದ ಅಂಶ, ಪುಕ್ಕಟೆ ಎಂಬುದಕ್ಕಿಂತ, ಪಡೆಯುವವರು ಮೊದಲು ಕೇಳುತ್ತಾರೆ ಎಂಬುದು. ಕೇಳದವರ ಮೇಲೆ ಹೇರಿದರೆ ಏನಾಗುತ್ತದೆಂಬುದನ್ನು ಕಾಫಿ ನಾಡಿನವರು ಕಣ್ಣಾರೆ ಕಂಡಿದ್ದೇವೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಜರಿದಾಗ ನಾಡಿನ ಮೂಲೆಮೂಲೆಯಿಂದ ನೆರವು ಹರಿದುಬಂತು. ಮನಸ್ಸು ದೊಡ್ಡದು, ಸಂಶಯವಿಲ್ಲ. ಆದರೆ ಹಳೆ ಬಟ್ಟೆಯ ಗಂಟುಗಳು ಬೇಕಾದುದಕ್ಕಿಂತ ಹೆಚ್ಚಾಗಿ ರಾಶಿ ಬಿದ್ದವು. ಮನೆ ಕಳೆದುಕೊಂಡವರ ನಡುವೆ ನಿಂತು ಅವನ್ನು ವಿಂಗಡಿಸುವುದೇ ಒಂದು ಕೆಲಸವಾಯಿತು.

ನಮ್ಮ ಮನೆಗಳ ಅಟ್ಟವನ್ನೇ ನೋಡಿ. ಅಡಕೆ ಚೀಲದ ಹಿಂದೆ ಹಿತ್ತಾಳೆ ಹಂಡೆ, ಕಾಲು ಮುರಿದ ಕುರ್ಚಿ, ಮಕ್ಕಳ ಪಠ್ಯಪುಸ್ತಕ ಎಲ್ಲವೂ ಇವೆ. ಮಲೆನಾಡಿನ ಮಳೆಗಾಲ ಎರಡು ಕಳೆದರೆ ಪುಸ್ತಕಕ್ಕೆ ಬೂಸ್ಟು, ಮರಕ್ಕೆ ಗೆದ್ದಲು. ಕೊಡುವುದಾದರೆ ಹಾಳಾಗುವ ಮೊದಲೇ ಕೊಡತಕ್ಕದ್ದು. ಊನವಿದ್ದರೆ ಮುಚ್ಚಿಡದೆ ಹೇಳಬೇಕು: ಕುಕ್ಕರಿನ ಗ್ಯಾಸ್ಕೆಟ್ ಹೋಗಿದೆ, ಮಿಕ್ಸಿಯ ವೈರು ಬಿಸಿಯಾಗುತ್ತದೆ ಎಂದು. ಹಾಸಿಗೆಯಲ್ಲಿ ತಿಗಣೆ ಇದ್ದರೆ ಯಾರಿಗೂ ಬೇಡ. ಅಡಿಗೆ ಅನಿಲದ ಸಿಲಿಂಡರ್, ರೆಗ್ಯುಲೇಟರುಗಳನ್ನು ದಾನ ಮಾಡುವಂತಿಲ್ಲ. ವಿತರಕರಿಗೆ ಹಿಂದಿರುಗಿಸಿ ಠೇವಣಿ ಪಡೆಯಬೇಕು.

ಪಡೆಯುವವರು ಬಹು ದೂರದಲ್ಲಿಲ್ಲ. ಕುಯ್ಲಿಗೆಂದು ಅಸ್ಸಾಮಿನಿಂದ ಬರುವ ಕುಟುಂಬಗಳು ಒಂದೆರಡು ಚೀಲ ಹಿಡಿದು ಲೈನ್ ಮನೆಗೆ ಇಳಿಯುತ್ತವೆ. ಪಾತ್ರೆ, ಬಕೆಟ್ಟು, ಕಂಬಳಿ ಅವರಿಗೆ ಮೊದಲ ರಾತ್ರಿಯೇ ಬೇಕು. ಆದರೆ ಇಲ್ಲೊಂದು ಸೂಕ್ಷ್ಮವಿದೆ. ಧಣಿಗಳು ಕೈಯಾರೆ ಕೊಟ್ಟದ್ದನ್ನು ಬೇಡವೆನ್ನುವ ಧೈರ್ಯ ಕೆಲಸದವರಿಗೆ ಎಲ್ಲಿಂದ ಬರಬೇಕು? ಆದ್ದರಿಂದ ಸಾಮಾನನ್ನು ಲೈನಿನ ಜಗಲಿಯಲ್ಲಿಟ್ಟು, ಬೇಕಾದವರು ಒಯ್ಯಲಿ ಎಂದು ಬಿಡುವುದು ಮೇಲು. ಕೊಟ್ಟದ್ದನ್ನು ಸಂಬಳದ ಪುಸ್ತಕದಲ್ಲಿ ಬರೆಯಕೂಡದು. ಬೋನಸ್ಸಿನ ಮಾತು ಬಂದಾಗ ಎತ್ತಿ ಆಡಲೂಕೂಡದು. ಹಳೆ ಕಂಬಳಿ ಕೊಟ್ಟು ವರ್ಷವಿಡೀ ನೆನಪಿಸುವವರೂ ನಮ್ಮ ನಡುವೆ ಇದ್ದಾರೆ.

ಒಂದು ವಸ್ತುವನ್ನು ಮಾತ್ರ ಯಾರು ಕೇಳಿದರೂ ಕೊಡತಕ್ಕದ್ದಲ್ಲ. ಕೀಟನಾಶಕ, ಕಳೆನಾಶಕ ಬಂದ ಕ್ಯಾನುಗಳು ನೀರು ತುಂಬಲು ಹೇಳಿಮಾಡಿಸಿದಂತಿರುತ್ತವೆ, ಲೈನಿನವರು ಕೇಳಿಯೂ ಕೇಳುತ್ತಾರೆ. ಎಷ್ಟು ತೊಳೆದರೂ ಅವು ಕುಡಿಯುವ ನೀರಿಗೆ ಸಲ್ಲವು. ಮರುಬಳಕೆಯಾಗುವಂತೆ ಅವನ್ನು ಹೊರಗೆ ಬಿಡಬಾರದೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಮೂರು ಸಲ ತೊಳೆದು, ಆ ನೀರನ್ನು ಸಿಂಪಡಣೆಯ ಡ್ರಮ್ಮಿಗೇ ಸುರಿದು, ಕ್ಯಾನಿನ ತಳಕ್ಕೆ ಅಂದೇ ತೂತು ಹೊಡೆಯಿರಿ.