ಕಿವಿಗೆ ಮೊದಲು ತಾಕುವುದು ಪ್ಯಾಡು

ಹೆಡ್‌ಫೋನ್ ಯಾವುದು ತೊಗೊಳ್ಳಲಿ ಎಂದು ಬರುವವರಿಗೆ ನಾನು ಮೊದಲೇ ಕಂಪನಿಯ ಹೆಸರು ಹೇಳುವುದಿಲ್ಲ. ಎಲ್ಲಿ ಕೂತು ಕೇಳುತ್ತೀರಿ, ಏನು ಕೇಳುತ್ತೀರಿ ಎಂದು ವಿಚಾರಿಸುತ್ತೇನೆ. ರೋಣದ ಓಣಿಯ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಖ್ಯಾಲ್ ಕೇಳುವವರಿಗೆ ಒಪ್ಪುವ ಹೆಡ್‌ಫೋನು ನರಗುಂದದಲ್ಲಿ ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಪಕ್ಕದ ರೂಮಿನಲ್ಲಿ ಪರೀಕ್ಷೆಗೆ ಓದುವ ಹುಡುಗನಿಗೆ ಒಪ್ಪದು. ಗಜೇಂದ್ರಗಡದಲ್ಲಿ ಮಗ್ಗದ ಮುಂದೆ ಕೂರುವವರಿಗೆ ಬೇಕಾದದ್ದು ಮತ್ತೊಂದೇ.

ರೋಣದಲ್ಲಿ ನಮ್ಮದು ರೇಡಿಯೊ, ಮೈಕ್‌ಸೆಟ್ ರಿಪೇರಿ ಅಂಗಡಿ. ಅಪ್ಪ ವಾಲ್ವ್ ರೇಡಿಯೊಗಳನ್ನು ಬಿಚ್ಚಿ ಹರವುತ್ತಿದ್ದ ಮೇಜಿನ ಮೇಲೆ ಈಗ ಹೆಡ್‌ಫೋನುಗಳು ಬಿದ್ದಿರುತ್ತವೆ. ವೈರು ಕಡಿದದ್ದು, ಜ್ಯಾಕು ಸಡಿಲಾದದ್ದು ವರ್ಷವಿಡೀ ಬರುತ್ತವೆ. ಬೇಸಿಗೆ ಕಾಲಿಟ್ಟ ಮೇಲೆ ಬರುವ ತಕರಾರು ಬೇರೆ. ‘ಅಣ್ಣಾರ, ಇದರ ಬೇಸ್ ಹೋಗೈತ್ರಿ, ಸ್ಪೀಕರ್ ಸುಟ್ಟೈತೇನ್ ನೋಡ್ರಿ’ ಅನ್ನುತ್ತಾರೆ. ನೋಡಿದರೆ ಸ್ಪೀಕರ್ ಗಟ್ಟಿಮುಟ್ಟಾಗಿರುತ್ತದೆ. ಕಿವಿಯ ಸುತ್ತ ಕೂರುವ ಪ್ಯಾಡು ಚಪ್ಪಟೆಯಾಗಿ, ಮೇಲಿನ ಕರಿ ಪದರು ಹೊಟ್ಟಿನಂತೆ ಉದುರಿ, ಒಂದು ಕಡೆ ಸ್ಪಂಜೇ ಕಾಣುತ್ತಿರುತ್ತದೆ. ಆಂಪ್ಲಿಫೈಯರಿಗೆ ದುಡ್ಡು ಹಾಕುವ ಮುಂಚೆ ಪ್ಯಾಡು ನೋಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಹೆಡ್‌ಫೋನಿನ ಒಳಗಿನ ಸ್ಪೀಕರಿಗೆ ಡ್ರೈವರ್ ಎನ್ನುತ್ತಾರೆ. ಕಿವಿಯನ್ನು ಪೂರ್ತಿ ಮುಚ್ಚುವ ಮಾದರಿಗಳಲ್ಲಿ ಅದರ ಅಗಲ ಸಾಮಾನ್ಯವಾಗಿ 40ರಿಂದ 50 ಮಿಲಿಮೀಟರ್. ಇಷ್ಟು ಸಣ್ಣದು ಕೆಳಸ್ವರವನ್ನು ತುಂಬಿ ಕೊಡಬೇಕಾದರೆ, ಕಿವಿಗೂ ಡ್ರೈವರಿಗೂ ನಡುವಿನ ಅಷ್ಟಿಷ್ಟು ಗಾಳಿಯನ್ನು ಒತ್ತಿ ಸೆಳೆಯಬೇಕು. ಆ ಗಾಳಿ ಸೋರದಂತೆ ಕಟ್ಟಿಹಾಕುವುದು ಪ್ಯಾಡಿನ ಕೆಲಸ. ಹಿಂಬದಿ ಮುಚ್ಚಿದ ಹೆಡ್‌ಫೋನಿನಲ್ಲಿ ಕೂದಲೆಳೆಯಷ್ಟು ಸಂದಿ ಬಿದ್ದರೂ ಮೊದಲು ಕರಗುವುದು ಕೆಳಸ್ವರ. ಮೇಲಿನದೆಲ್ಲ ಹಾಗೇ ಉಳಿಯುವುದರಿಂದ ದನಿ ತೆಳ್ಳಗಾಗಿ, ಕೀರಲಾಗಿ ಕೇಳುತ್ತದೆ. ಆಗ ಜನ ಮಾಡುವುದೇನು? ವಾಲ್ಯೂಮ್ ಏರಿಸುತ್ತಾರೆ, ಇಲ್ಲವೆ ದೊಡ್ಡ ಆಂಪ್ಲಿಫೈಯರ್ ಹುಡುಕುತ್ತಾರೆ. ಸೋರುವುದು ಎರಡರಿಂದಲೂ ನಿಲ್ಲುವುದಿಲ್ಲ.

ಇದನ್ನು ಪರೀಕ್ಷಿಸಲು ಯಾವ ಯಂತ್ರವೂ ಬೇಡ, ತಂಬೂರಿ ಸಾಕು. ಕರಿ ಒಂದರ ಶ್ರುತಿಗೆ ಕೂಡಿಸಿದ ಗಂಡಸರ ತಂಬೂರಿಯ ಖರಜ ತಂತಿ ಸುಮಾರು 69 ಹರ್ಟ್ಜ್‌ನಲ್ಲಿ ನುಡಿಯುತ್ತದೆ. ಪ್ಯಾಡು ಸೋರಿದರೆ ಮೊದಲು ಪೆಟ್ಟು ಬೀಳುವ ಜಾಗವೇ ಅದು. ಮೊಬೈಲಿನಲ್ಲಿ ತಂಬೂರಿಯ ಆ್ಯಪ್ ಹಚ್ಚಿ, ಹೆಡ್‌ಫೋನ್ ಹಾಕಿಕೊಂಡು, ಎರಡೂ ಬಟ್ಟಲುಗಳನ್ನು ಅಂಗೈಯಿಂದ ಮೆಲ್ಲಗೆ ಕಿವಿಗೊತ್ತಿ. ಒತ್ತಿದಾಗ ಖರಜ ತುಂಬಿಕೊಂಡು, ಕೈ ಬಿಟ್ಟಾಗ ಜವಾರಿಯ ಝೇಂಕಾರ ಮಾತ್ರ ಉಳಿದರೆ ಗಾಳಿ ಸೋರುತ್ತಿದೆ ಎಂದೇ ಲೆಕ್ಕ. ತಬಲಾದ ಡಗ್ಗಾದಲ್ಲೂ ಇದು ಗೊತ್ತಾಗುತ್ತದೆ. ಅಂಗೈ ಜಾರಿಸಿ ತೆಗೆಯುವ ಆ ಗುಮುಕು ಸೋರುವ ಪ್ಯಾಡಿನಲ್ಲಿ ಬರೀ ಟಪ್ ಎಂದು ಕೇಳುತ್ತದೆ.

ಪ್ಯಾಡು ಹೊಸದಿದ್ದರೂ ಸೋರಬಹುದು. ಕನ್ನಡಕದ ಕಡ್ಡಿ ಕಿವಿಯ ಹಿಂದೆ ಹಾದುಹೋಗುವಲ್ಲಿ ಸಂದಿ ಬೀಳುತ್ತದೆ. ನಮ್ಮ ಕಡೆಯ ಹಿರಿಯ ಹೆಣ್ಣುಮಕ್ಕಳು ಕಿವಿಯ ಮೇಲ್ಭಾಗಕ್ಕೆ ಬುಗುಡಿ ಹಾಕುತ್ತಾರೆ. ಮುಚ್ಚುವ ಹೆಡ್‌ಫೋನು ಅವರಿಗೆ ನೋವೂ ಹೌದು, ಸರಿಯಾಗಿ ಕೂರುವುದೂ ಇಲ್ಲ. ದಾಸರ ಪದ ಕೇಳಲೆಂದು ಮಗ ತಂದುಕೊಟ್ಟ ಹೆಡ್‌ಫೋನನ್ನು ಒಬ್ಬ ಅಜ್ಜಿ ಅಂಗಡಿಗೆ ತಂದಿದ್ದರು. ‘ಕಿವಿ ಚುಚ್ಚತೈತೋ ಯಪ್ಪಾ, ಪದ ಕೇಳಾಕ ಬುಗುಡಿ ಬಿಚ್ಚಬೇಕೇನ?’ ಎಂದರು. ಅವರಿಗೆ ಕೊಟ್ಟದ್ದು ಕಿವಿಯ ಮೇಲೆ ಹಗುರಾಗಿ ಕೂರುವ, ತೆಳು ಸ್ಪಂಜಿನ, ಹಿಂಬದಿ ತೆರೆದ ಸಣ್ಣ ಹೆಡ್‌ಫೋನು. 1984ರಲ್ಲಿ ಕಾಸ್ ಕಂಪನಿ ತಂದ ಪೋರ್ಟಾ ಪ್ರೊ ಇದೇ ಜಾತಿಯದು, ಇವತ್ತಿಗೂ ಮಾರಾಟದಲ್ಲಿದೆ. ಈ ಜಾತಿಯವು ಗಾಳಿ ಕಟ್ಟಿಹಾಕುವುದನ್ನೇ ನಂಬಿ ಮಾಡಿದವಲ್ಲ. ಹಾಗಾಗಿ ಬುಗುಡಿಯ ಪಕ್ಕ ಒಂದಿಷ್ಟು ಸಂದಿ ಉಳಿದರೂ ದನಿ ಅಷ್ಟಾಗಿ ಕೆಡುವುದಿಲ್ಲ.

ಪ್ಯಾಡಿನ ಬಟ್ಟೆ ಯಾವುದು ಎನ್ನುವುದಕ್ಕೆ ನಮ್ಮ ಸೀಮೆಯ ಬಿಸಿಲೇ ಅರ್ಧ ಉತ್ತರ ಕೊಡುತ್ತದೆ. ಕೃತಕ ತೊಗಲಿನ ಪ್ಯಾಡಿನ ಮೇಲ್ಪದರು ಪಾಲಿಯುರಿಥೇನ್. ಬೆವರಿನ ತೇವ, ಗಾಳಿಯ ತೇವ, ಬಿಸಿ ಎಲ್ಲ ಸೇರಿ ಅದರ ಅಣುಗಳ ಸರಪಳಿಯನ್ನು ಕಡಿಯುತ್ತವೆ. ಬಳಸದೆ ಟ್ರಂಕಿನಲ್ಲಿಟ್ಟ ಪ್ಯಾಡೂ ಕೆಲವು ವರ್ಷಕ್ಕೆ ಉದುರುವುದು ಇದೇ ಕಾರಣಕ್ಕೆ. ಏಪ್ರಿಲ್‌–ಮೇದಲ್ಲಿ 40 ಡಿಗ್ರಿ ಮುಟ್ಟುವ ಊರಿನಲ್ಲಿ ಅದನ್ನು ದಿನಾ ತಾಸುಗಟ್ಟಲೆ ಹಾಕಿಕೊಂಡರೆ ಆಯಸ್ಸು ಇನ್ನೂ ಕಡಿಮೆ. ವೆಲೂರ್, ಅಂದರೆ ಮಖಮಲ್ಲಿನಂಥ ಬಟ್ಟೆಯ ಪ್ಯಾಡು ತಂಪಾಗಿರುತ್ತದೆ, ಉದುರುವುದಿಲ್ಲ, ಸೌಮ್ಯ ಸೋಪಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಬಹುದು. ಆದರೆ ಅದರ ಎಳೆಗಳ ನಡುವೆ ಗಾಳಿ ಆಡುತ್ತದೆ. ತೊಗಲಿನ ಪ್ಯಾಡಿಗೆಂದೇ ಮಾಡಿದ ಮುಚ್ಚಿದ ಹೆಡ್‌ಫೋನಿಗೆ ವೆಲೂರ್ ಹಾಕಿದರೆ ಕೆಳಸ್ವರ ಇಳಿದು ಮೇಲ್ಸ್ವರ ಎದ್ದು ಕಾಣುತ್ತದೆ. ವೆಲೂರಿಗೆಂದೇ ಮಾಡಿದ್ದಕ್ಕೆ ತೊಗಲು ಹಾಕಿದರೆ ಅಲ್ಲೂ ಸಮತೋಲ ತಪ್ಪುತ್ತದೆ. ಪ್ಯಾಡಿನ ಆಳವೂ ಲೆಕ್ಕಕ್ಕೆ ಬರುತ್ತದೆ. ದಪ್ಪ ಪ್ಯಾಡು ಹಾಕಿದರೆ ಡ್ರೈವರು ಕಿವಿಯಿಂದ ದೂರ ಸರಿದು ಹಾಡು ಒಂದಿಷ್ಟು ಹಿಂದೆ ಕೂತಂತೆ ಕೇಳುತ್ತದೆ, ಚಪ್ಪಟೆಯಾದ ಹಳೆಯ ಪ್ಯಾಡಿನಲ್ಲಿ ಕಿವಿಯೇ ಡ್ರೈವರಿಗೆ ತಾಗುತ್ತದೆ. ಅದಕ್ಕೆ, ಮೊದಲ ಸಲ ಬದಲಿಸುವಾಗ ಮೂಲ ಪ್ಯಾಡಿನ ಬಟ್ಟೆ, ಆಳ, ಒಳಗಿನ ತೂತಿನ ಅಳತೆ ಮೂರಕ್ಕೂ ಹೊಂದುವುದನ್ನೇ ತನ್ನಿ. ಪ್ರಯೋಗ ಮಾಡುವ ಆಸೆಯಿದ್ದರೆ ಎರಡನೆಯ ಜೊತೆಯಲ್ಲಿ ಮಾಡಿ.

ಹಾಕುವುದು ಕಷ್ಟವಲ್ಲ, ಅವಸರ ಬೇಡ ಅಷ್ಟೆ. ಬಹಳಷ್ಟು ಪ್ಯಾಡುಗಳ ಹಿಂದೆ ತೆಳು ಅಂಚೊಂದು ಇರುತ್ತದೆ, ಅದು ಬಟ್ಟಲಿನ ಸುತ್ತಲಿನ ಗೀರಿನೊಳಗೆ ಕೂರಬೇಕು. ಕೆಳತುದಿಯಲ್ಲಿ ಅಂಚನ್ನು ಸಿಕ್ಕಿಸಿ, ಹೆಬ್ಬೆರಳಿನಿಂದ ಹಿಡಿದುಕೊಂಡು, ಹಳೆಯ ಎಟಿಎಂ ಕಾರ್ಡಿನ ಮೂಲೆಯಿಂದ ಸುತ್ತ ತಳ್ಳುತ್ತ ಬರುತ್ತೇನೆ. ಚಾಕು, ಸ್ಕ್ರೂಡ್ರೈವರ್ ಮುಟ್ಟಿಸಬೇಡಿ, ಅಂಚು ಹರಿದರೆ ಅಲ್ಲೇ ಸೋರಲು ಶುರು. ಡ್ರೈವರಿನ ಮುಂದೆ ತೆಳು ಸ್ಪಂಜೋ ಜಾಳಿಗೆ ಬಟ್ಟೆಯೋ ಇರುತ್ತದಲ್ಲ, ಧೂಳೆಂದು ಅದನ್ನು ಕಿತ್ತೆಸೆಯುವವರಿದ್ದಾರೆ. ಅದು ಮೇಲ್ಸ್ವರದ ಚುರುಕನ್ನು ತಗ್ಗಿಸಲೆಂದು ಅಳತೆ ಮಾಡಿ ಇಟ್ಟದ್ದು. ಎರೆಮಣ್ಣಿನ ಧೂಳು ಒಳಗಿಳಿಯದಂತೆ ಕಾಯುವುದೂ ಅದೇ.

ಇನ್ನು ಆಂಪ್ಲಿಫೈಯರ್. ಹೆಡ್‌ಫೋನಿನ ಡಬ್ಬಿಯ ಮೇಲೆ ಎರಡು ಅಂಕಿ ಹುಡುಕಿ: ಇಂಪೀಡೆನ್ಸ್ ಎಷ್ಟು ಓಮ್, ಸೆನ್ಸಿಟಿವಿಟಿ ಎಷ್ಟು ಡೆಸಿಬಲ್. ಓಮ್ ಹೆಚ್ಚಿದ್ದರೆ ವೋಲ್ಟೇಜು ಹೆಚ್ಚು ಬೇಕು, ಓಮ್ ಕಡಿಮೆಯಿದ್ದರೆ ಕರೆಂಟು ಹೆಚ್ಚು ಬೇಕು. ಹೊಲದಲ್ಲಿ ತುಂತುರು ನೀರಾವರಿಗೆ ಒತ್ತಡ ಬೇಕು, ಕಾಲುವೆ ಹಾಯಿಸಲು ನೀರಿನ ಮೊತ್ತ ಬೇಕು; ಇಲ್ಲೂ ಹಾಗೆಯೇ. ಬೇಯರ್‌ಡೈನಾಮಿಕ್ ಕಂಪನಿಯ ಡಿಟಿ 770 ಪ್ರೊ ಎಂಬ ಸ್ಟುಡಿಯೊ ಹೆಡ್‌ಫೋನು 32, 80, 250 ಓಮ್‌ಗಳಲ್ಲಿ ಬಂದಿದೆ. 1 ಮಿಲಿವ್ಯಾಟಿಗೆ 96 ಡೆಸಿಬಲ್ ಎಂದು ಕಂಪನಿ ಹೇಳುತ್ತದೆ. ಲೆಕ್ಕ ಹಾಕಿದರೆ, 1 ವೋಲ್ಟ್ ಕೊಟ್ಟಾಗ 32 ಓಮ್‌ನದು ಸುಮಾರು 111 ಡೆಸಿಬಲ್, 80 ಓಮ್‌ನದು 107, 250 ಓಮ್‌ನದು 102 ಮುಟ್ಟುತ್ತದೆ.

ನರಗುಂದದ ಒಬ್ಬ ಹುಡುಗ ಯಾರದೋ ಮಾತು ಕೇಳಿ 250 ಓಮ್‌ನದನ್ನೇ ತಂದಿದ್ದ. ಹಳೆಯ ಮೊಬೈಲಿನ ಜ್ಯಾಕಿಗೆ ಸಿಕ್ಕಿಸಿದರೆ ಪಾಠದ ದನಿ ಮೆಲ್ಲಗೆ ಕೇಳುತ್ತಿತ್ತು. ಮೇಜಿನ ಮೇಲಿಡುವ ದೊಡ್ಡ ಆಂಪ್ಲಿಫೈಯರ್ ಬೇಕೆಂದು ಅವನ ಹಟ. ಸುಮಾರು 1 ವೋಲ್ಟ್ ಕೊಡುವ ಬೆರಳುದ್ದದ ಯುಎಸ್‌ಬಿ-ಸಿ ಡಾಂಗಲ್ ಸಿಕ್ಕಿಸಿ ಕೇಳಿಸಿದೆ, ಅಷ್ಟಕ್ಕೇ ಸಾಕಾಯಿತು. ಡಾಂಗಲಿಗೆ ಇನ್ನೊಂದು ಅನುಕೂಲವೂ ಇದೆ. ಕರೆಂಟು ಹೋಗಿ ಅಗ್ಗದ ಇನ್ವರ್ಟರ್ ಮೇಲೆ ಓಡುವಾಗ ಗೋಡೆಯ ಪ್ಲಗ್ಗಿನ ಆಂಪ್ಲಿಫೈಯರುಗಳು ಗುಂಯ್‌ಗುಡುವುದುಂಟು. ಮೊಬೈಲಿನ ಬ್ಯಾಟರಿಯಿಂದ ಓಡುವ ಡಾಂಗಲಿಗೆ ಆ ಕಾಟವಿಲ್ಲ. ನಿಜವಾಗಿ ಪ್ರತ್ಯೇಕ ಆಂಪ್ಲಿಫೈಯರ್ ಕೇಳುವ ಹೆಡ್‌ಫೋನುಗಳೂ ಇವೆ. ಹೈಫೈಮ್ಯಾನ್ ಎಚ್‌ಇ-6 ಎಂಬುದರ ಇಂಪೀಡೆನ್ಸ್ 50 ಓಮ್ ಮಾತ್ರ, ಸೆನ್ಸಿಟಿವಿಟಿ ಮಾತ್ರ 83.5 ಡೆಸಿಬಲ್. ಓಮ್ ಒಂದನ್ನೇ ನೋಡಿ ತೀರ್ಮಾನಿಸುವವರು ಎಡವುವುದು ಇಂಥ ಕಡೆ.

ಆಂಪ್ಲಿಫೈಯರಿಗೂ ತನ್ನದೇ ಓಮ್ ಇರುತ್ತದೆ, ಅದಕ್ಕೆ ಔಟ್‌ಪುಟ್ ಇಂಪೀಡೆನ್ಸ್ ಎನ್ನುತ್ತಾರೆ. ಅದು ಹೆಡ್‌ಫೋನಿನ ಓಮ್‌ನ ಎಂಟನೆಯ ಒಂದು ಭಾಗಕ್ಕಿಂತ ಕಡಿಮೆಯಿರಲಿ ಎನ್ನುವುದು ರೂಢಿಯ ಲೆಕ್ಕ. ಹಳೆಯ ಸ್ಟೀರಿಯೊ ಆಂಪ್ಲಿಫೈಯರುಗಳಲ್ಲಿ ಸ್ಪೀಕರಿನ ದಾರಿಗೇ ನೂರಾರು ಓಮ್‌ನ ರೆಸಿಸ್ಟರ್ ಹಾಕಿ ಹೆಡ್‌ಫೋನ್ ಜ್ಯಾಕು ಕೊಟ್ಟಿರುತ್ತಾರೆ. ಅದಕ್ಕೆ 32 ಓಮ್‌ನದನ್ನು ಸಿಕ್ಕಿಸಿದರೆ ಎಷ್ಟೋ ಮಾದರಿಗಳಲ್ಲಿ ಬೇಸು ಊದಿಕೊಂಡು ಮಬ್ಬಾಗುತ್ತದೆ, 300 ಓಮ್‌ನದು ಮಾತ್ರ ಬಹಳಮಟ್ಟಿಗೆ ತಡೆದುಕೊಳ್ಳುತ್ತದೆ. ಭಜನಾ ಮೇಳದವರಿಗೆ ಒಂದು ಮಾತು: ಮೈಕ್‌ಸೆಟ್ಟಿನ ಆಂಪ್ಲಿಫೈಯರಿನ ಹಿಂದೆ 70 ವೋಲ್ಟ್, 100 ವೋಲ್ಟ್ ಎಂದು ಬರೆದ ಟರ್ಮಿನಲ್‌ಗಳಿಗೆ ಹೆಡ್‌ಫೋನ್ ವೈರು ಮುಟ್ಟಿಸಲೇಬೇಡಿ, ಡ್ರೈವರೂ ಹೋಗುತ್ತದೆ, ಕಿವಿಯೂ ಹೋಗುತ್ತದೆ. ಮಿಕ್ಸರಿನಲ್ಲಿ ಹೆಡ್‌ಫೋನಿಗೆಂದೇ ಇರುವ ಜ್ಯಾಕು ಬಳಸಿ.

ನಮ್ಮೂರಲ್ಲಿ ಹೆಡ್‌ಫೋನಿನ ಮಾತು ಬಂದರೆ ಭೀಮಸೇನ ಜೋಶಿಯವರ ಹೆಸರು ಬಂದೇ ಬರುತ್ತದೆ. ಅವರು ಹುಟ್ಟಿದ್ದು 1922ರ ಫೆಬ್ರುವರಿ 4ರಂದು, ಇದೇ ರೋಣದಲ್ಲಿ. ಅಂಗಡಿಯೊಂದರಲ್ಲಿ ನುಡಿಯುತ್ತಿದ್ದ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆಗೆ ಮನಸೋತ ಹುಡುಗ, 11ನೇ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು, ಕೊನೆಗೆ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಶಿಷ್ಯನಾದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಆ ಕಾಲದ 78 ಆರ್‌ಪಿಎಂ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಸುಮಾರು 3 ನಿಮಿಷದ ಹಾಡು. ಹಳೆಯ ಧ್ವನಿಮುದ್ರಣಗಳಲ್ಲಿ ತೀರ ಮೇಲಿನ ಸ್ವರಾಂಶ ಸೆರೆಯಾಗಿಯೇ ಇಲ್ಲ. ಆ ಭಾಗವನ್ನು ಎತ್ತಿ ತೋರಿಸುವ ಹೆಡ್‌ಫೋನು ನಿಮಗೆ ಕೊಡುವುದು ಬರೀ ಸರಸರ ಸದ್ದು. ಬೇಸನ್ನೂ ಮೇಲ್ಸ್ವರವನ್ನೂ ಉಬ್ಬಿಸಿ ನಡುವನ್ನು ತಗ್ಗಿಸಿದ ಹೆಡ್‌ಫೋನುಗಳು ಈಗ ಪೇಟೆಯ ತುಂಬ ಇವೆ, ಸಿನಿಮಾ ಹಾಡಿಗೆ ಅವು ರಂಜಿಸುತ್ತವೆ. ಭೀಮಸೇನರ ತಾನುಗಳಿಗೆ, ಗಂಗೂಬಾಯಿ ಹಾನಗಲ್ಲರ ಗಂಭೀರ ದನಿಗೆ ಅವು ಅನ್ಯಾಯ ಮಾಡುತ್ತವೆ. ಕಂಠದ ತೂಕವೆಲ್ಲ ಇರುವುದೇ ಆ ನಡುವಿನಲ್ಲಿ. ಮನುಷ್ಯನ ದನಿಯನ್ನು ಇದ್ದಂತೆ ಕೇಳಿಸುವವುಗಳಲ್ಲಿ 1997ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 600 ನನಗೆ ಇಂದಿಗೂ ಅಚ್ಚುಮೆಚ್ಚು: 300 ಓಮ್, ಹಿಂಬದಿ ತೆರೆದದ್ದು, ವೆಲೂರ್ ಪ್ಯಾಡು. ಬೆಲೆ ಎಲ್ಲರಿಗೂ ನಿಲುಕುವಂಥದಲ್ಲ, ನಿಶ್ಶಬ್ದವಾದ ಮನೆಯೂ ಬೇಕು.

ಗಜೇಂದ್ರಗಡದ ಮಗ್ಗದ ಮನೆಯಲ್ಲಿ ಅದು ನಡೆಯುವುದಿಲ್ಲ. ತೆರೆದ ಹೆಡ್‌ಫೋನು ಹೊರಗಿನ ಸದ್ದನ್ನೆಲ್ಲ ಒಳಗೆ ಬಿಟ್ಟುಕೊಳ್ಳುತ್ತದೆ, ಮಗ್ಗದ ಸದ್ದನ್ನು ಮೀರಿಸಲು ನೇಕಾರರು ವಾಲ್ಯೂಮ್ ಏರಿಸುತ್ತಾರೆ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ತಾಸು ಇರಬಹುದು, ಅಲ್ಲಿಂದ ಮೇಲೆ ಪ್ರತಿ 3 ಡೆಸಿಬಲ್‌ಗೆ ಆ ಅವಧಿ ಅರ್ಧಕ್ಕಿಳಿಯುತ್ತದೆ ಎನ್ನುತ್ತದೆ ಕೆಲಸಗಾರರ ಕಿವಿ ಕಾಯಲು ಮಾಡಿದ ಲೆಕ್ಕ. 100 ಡೆಸಿಬಲ್‌ಗೆ ಬಂದರೆ ಉಳಿಯುವುದು ಕಾಲು ತಾಸು. ಮಗ್ಗದ ಸದ್ದಿನ ಮೇಲೆ ಹಾಡನ್ನೂ ಏರಿಸಿಕೊಂಡು ದಿನವೆಲ್ಲ ದುಡಿಯುವವರ ಕಿವಿಯ ಬಗ್ಗೆ ನನಗೆ ನಿಜವಾಗಿ ಚಿಂತೆಯಿದೆ. ಒಮ್ಮೆ ಹಾಳಾದ ಕಿವಿಯ ನರಗಳಿಗೆ ನನ್ನಂಥವರ ಮೇಜಿನ ಮೇಲಾಗಲಿ, ಡಾಕ್ಟರರ ಬಳಿಯಾಗಲಿ ರಿಪೇರಿಯಿಲ್ಲ. ಅವರಿಗೆ ಬೇಕಾದದ್ದು ಹಿಂಬದಿ ಮುಚ್ಚಿದ, ಪ್ಯಾಡು ಬಿಗಿಯಾಗಿ ಕೂರುವ ಹೆಡ್‌ಫೋನು. ಹೊರಸದ್ದು ತಗ್ಗಿದಷ್ಟೂ ವಾಲ್ಯೂಮ್ ತಾನಾಗಿ ಇಳಿಯುತ್ತದೆ. ಪ್ಯಾಡು ಸವೆದ ದಿನವೇ ಬದಲಿಸುವುದು ಅಲ್ಲಿ ಸಂಗೀತದ ಶೋಕಿಯಲ್ಲ.

ಬ್ಲೂಟೂತ್ ಹೆಡ್‌ಫೋನಿಗೆ ಆಂಪ್ಲಿಫೈಯರ್ ಹುಡುಕಬೇಡಿ, ಅದು ಒಳಗೇ ಇದೆ. ಹೊರಸದ್ದು ಅಳಿಸುವ ಮಾದರಿಗಳಲ್ಲಿ ಆ ಲೆಕ್ಕಾಚಾರವೂ ಮೂಲ ಪ್ಯಾಡಿಗೆ ಹೊಂದಿಸಿದ್ದು. ಹೊಂದದ ಪ್ಯಾಡು ಹಾಕಿದರೆ ಸದ್ದು ಅಳಿಸುವ ಶಕ್ತಿಯೂ ಕುಂದುತ್ತದೆ.

ಕೊಳ್ಳುವ ಮುಂಚೆ ಅಂಗಡಿಯವರನ್ನು ಕೇಳಬೇಕಾದದ್ದು ಇನ್ನೊಂದಿದೆ: ಈ ಮಾದರಿಯ ಪ್ಯಾಡು ಬಿಡಿಯಾಗಿ ಸಿಗುತ್ತದೆಯೇ? ಬಿಚ್ಚಿ ಹಾಕಲು ಬರುತ್ತದೆಯೇ, ಇಲ್ಲವೆ ಅಂಟು ಹಾಕಿ ಕೂರಿಸಿದ್ದಾರೆಯೇ? ವೈರು ಬದಲಿಸಬಹುದೇ? ಈ ಮೂರಕ್ಕೂ ಸರಿಯಾದ ಉತ್ತರವಿಲ್ಲದ್ದನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ನಾನು ಬೇಡ ಅನ್ನುತ್ತೇನೆ. ನಿಮ್ಮಲ್ಲಿ ಈಗಾಗಲೇ ಒಂದಿದ್ದರೆ, ಪ್ಯಾಡು ಗಟ್ಟಿಯಿರುವಾಗಲೇ ಹೊರಗಿನ ಉದ್ದ, ಅಗಲ, ಒಳತೂತು, ಆಳ ಎಲ್ಲವನ್ನೂ ಸ್ಕೇಲಿನಿಂದ ಅಳೆದು ಡಬ್ಬಿಯ ಮೇಲೆ ಬರೆದಿಡಿ. ಚಪ್ಪಟೆಯಾದ ಮೇಲೆ ತಂದುಕೊಟ್ಟರೆ ಮೂಲ ಆಳ ಎಷ್ಟಿತ್ತೆಂದು ಹೇಳುವುದು ಕಷ್ಟ.