‘ಮದುವೆಗೆ ಬರ್ತೀರಾ?’ ಅಂತ ಕೇಳೋದು ಅವಮಾನವಲ್ಲ

ನಮ್ಮ ಲಗ್ನಪತ್ರಿಕೆ ‘ಸಕುಟುಂಬ ಸಮೇತರಾಗಿ ಬನ್ನಿ’ ಅನ್ನುತ್ತೆ, ಬರ್ತೀರಾ ಅಂತ ಕೇಳೋದಿಲ್ಲ. ಕೇಳಿದ್ರೆ ‘ಊಟದ ಲೆಕ್ಕ ಹಾಕ್ತಾರೆ’ ಅನ್ನೋ ಮಾತು ಬರುತ್ತೆ. ಹಾಗಾಗಿ ಅಂದಾಜಿನ ಮೇಲೆ ಎಲೆ ಹೇಳ್ತಾರೆ. ಖಾಲಿ ಉಳಿದ ಎಲೆಗೂ ದುಡ್ಡು ಕಟ್ಟೋದು ಬಹುತೇಕ ಹೆಣ್ಣಿನ ಮನೆಯವರೇ. ಬೆಂಗಳೂರಿನ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಆಹಾರ ವ್ಯರ್ಥವಾಗುತ್ತೆ ಅಂತ ಕೃಷಿ ವಿಶ್ವವಿದ್ಯಾಲಯದ ತಂಡ 2012ರಲ್ಲೇ ಲೆಕ್ಕ ಕೊಟ್ಟಿತ್ತು.

ಏನು ಮಾಡಬಹುದು? ಎಲೆ ಲೆಕ್ಕ ಯಾವತ್ತು ಕೊಡಬೇಕು ಅಂತ ಅಡುಗೆಯವರನ್ನು ಮೊದಲು ಕೇಳಿ. ಅದಕ್ಕೂ ಒಂದು ವಾರ ಮೊದಲಿನ ದಿನಾಂಕವನ್ನು ಗಡುವು ಅಂತ ವಾಟ್ಸಾಪ್ ಕರೆಯೋಲೆಯಲ್ಲೇ ಹಾಕಿ. ನಡುವಿನ ಆ ವಾರ, ಉತ್ತರ ಕೊಡದವರಿಗೆ ಫೋನ್ ಮಾಡೋಕೆ. ಹಿರಿಯರಿಗೆ ಗಡುವು ಬೇಡ. ಮನೆಗೆ ಹೋಗಿ ಕುಂಕುಮ ಕೊಟ್ಟು ಕರೆಯುವಾಗಲೇ ‘ಎಷ್ಟು ಜನ ಬರ್ತೀರಿ?’ ಅಂತ ಕೇಳಿಬಿಡಿ.

ಸಾಲ ಮಾಡಿ ಮದುವೆ ಮಾಡೋ ಮನೆಗೆ ಖಾಲಿ ಎಲೆಯೂ ಸಾಲವೇ.